ಅಚ್ಚಿಗೆ ತಕ್ಕ ಕುರ್ಚಿ

ಅಳತೆರಾಯರಿಗೆ ಹುಟ್ಟಿದಾಗ ಇಟ್ಟ ಹೆಸರು ಬೇರೆಯೇ ಇತ್ತು. ಆದರೆ ಅವರು ತೂಕ ಮತ್ತು ಅಳತೆಯ ಕಚೇರಿಯಲ್ಲಿ ಅಂಗಡಿಗಳ ತಕ್ಕಡಿಗೆ ಮುದ್ರೆ ಒತ್ತುವ ಕೆಲಸಕ್ಕೆ ಸೇರಿದ ಮೇಲೆ ಆ ಹೆಸರು ಮೂಲೆಗೆ ಬಿತ್ತು. ಅದನ್ನು ಹಿಡಿದು ಕರೆಯುತ್ತಿದ್ದವರು ಅವರ ತಾಯಿ ಒಬ್ಬರೇ, ಅದೂ ಸಿಟ್ಟು ಬಂದಾಗ ಮಾತ್ರ. ಉಳಿದಂತೆ ಅಂಗಡಿಯವರಿಗೂ ಬೀದಿಯವರಿಗೂ ಅವರು ಅಳತೆರಾಯರು. ಹಾಲು ಹಾಕುವವನಿಗೂ ಅಳತೆರಾಯರೇ, ಅವನು ಸ್ವಲ್ಪ ಹೆದರಿಕೊಂಡು ಕರೆಯುತ್ತಿದ್ದ ಅಷ್ಟೇ. ರಾಯರ ಅಂಗಿಯ ಜೇಬಿನಲ್ಲಿ ಪೆನ್ನು ಇರಲಿ ಬಿಡಲಿ, ಟೇಪು ಇದ್ದೇ ಇರುತ್ತಿತ್ತು.

ಇಂಥವರ ಮನೆಯಲ್ಲಿ ಊಟದ ಮೇಜಿನ ಸುತ್ತ ಇದ್ದ ಕುರ್ಚಿಗಳು ಮಾತ್ರ ಯಾವ ಅಳತೆಗೂ ಬಗ್ಗುವಂಥವಲ್ಲ. ಕಚೇರಿಯಲ್ಲಿ ಹಳೆಯ ಸಾಮಾನು ಹರಾಜಾದಾಗಲೆಲ್ಲ ಒಂದೊಂದಾಗಿ ಬಂದು ಸೇರಿದ್ದವು. ಒಂದರಲ್ಲಿ ಕೂತರೆ ಗಲ್ಲ ಮೇಜಿಗೆ ತಾಗುತ್ತಿತ್ತು, ಇನ್ನೊಂದರಲ್ಲಿ ಕೂತರೆ ಮಂಡಿ ತಾಗುತ್ತಿತ್ತು. ಒಂದು ಭಾನುವಾರ ಊಟಕ್ಕೆ ಬಂದ ಹೆಂಡತಿಯ ಅಣ್ಣನ ಪಾಲಿಗೆ ಓಲಾಡುವ ಕುರ್ಚಿ ಸಿಕ್ಕಿತು. ಬಟ್ಟೆ ಅಂಗಡಿ ಇಟ್ಟಿದ್ದ ಈ ಭಾವನಿಗೆ ರಾಯರ ಮೇಲೆ ಹಳೆಯದೊಂದು ಸಿಟ್ಟಿತ್ತು. ಹಿಂದೊಮ್ಮೆ ಅವರ ಅಂಗಡಿಯ ಮೀಟರ್ ಕೋಲು ಒಂದು ಬೆರಳು ಗಿಡ್ಡವಿದೆಯೆಂದು ಗಿರಾಕಿಗಳ ಎದುರೇ ರಾಯರು ಅದನ್ನು ಕಿತ್ತುಕೊಂಡು ಹೋಗಿದ್ದರು. ನಂಟು ಬೇರೆ, ಮೀಟರು ಬೇರೆ ಎಂಬುದು ಅವರ ಸಿದ್ಧಾಂತ.

ಭಾವ ಒಂದು ಕೈಯಲ್ಲಿ ತಟ್ಟೆ, ಇನ್ನೊಂದು ಕೈಯಲ್ಲಿ ಮೇಜಿನ ಅಂಚು ಹಿಡಿದುಕೊಂಡು ಹೇಳಿದರು: “ಊರಿನ ತಕ್ಕಡಿಯೆಲ್ಲ ಸರಿ ಮಾಡ್ತೀರಿ ರಾಯರೇ. ನಿಮ್ಮನೇಲಿ ಕೂತ್ರೆ ನಾನೇ ತಕ್ಕಡಿ ಆಗ್ತೀನಲ್ಲ.”

ರಾಯರ ತಾಯಿ ನಕ್ಕರು, ಮಕ್ಕಳಿಬ್ಬರೂ ನಕ್ಕರು. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ಒಂದು ಕ್ಷಣ ನಿಂತದ್ದು ನೋಡಿದರೆ ಹೆಂಡತಿಯೂ ನಕ್ಕಿರಬೇಕು.

“ಹರಾಜಿನ ಕುರ್ಚಿ ಎಲ್ಲಾ ಹೀಗೇ ಭಾವ,” ಎಂದರು ರಾಯರು. “ಯಾರ ಅಳತೆಗೂ ಮಾಡಿರಲ್ಲ. ಅಂಗಿಗೆ ಅಳತೆ ಇದೆ, ಚಪ್ಪಲಿಗೆ ಅಳತೆ ಇದೆ, ಕುರ್ಚಿಗೆ ಯಾಕಿಲ್ಲ? ಇನ್ನು ಈ ಮನೇಲಿ ಒಬ್ಬೊಬ್ಬರಿಗೆ ಅವರವರ ಅಳತೇದೇ ಕುರ್ಚಿ. ನಾನೇ ಮಾಡ್ತೀನಿ.”

“ನೀವು?”

“ನಾನೇ. ನನ್ನ ಕೈಯಾರೆ.”

ಭಾವ ಆ ಕೈಯನ್ನು ನೋಡಿದರು. ಹೆಬ್ಬೆರಳಿನ ಮೇಲಿನ ಮುದ್ರೆಯ ಮಸಿಯನ್ನು ಬಿಟ್ಟರೆ ಅದರಲ್ಲಿ ಕೆಲಸದ ಗುರುತು ಯಾವುದೂ ಇರಲಿಲ್ಲ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ರಾಯರು ಆಡಿದ್ದಷ್ಟೇ ಅಲ್ಲ, ಮರುದಿನ ಹಳೆಯ ಕುರ್ಚಿಗಳನ್ನೆಲ್ಲ ಬೀದಿ ಕೊನೆಯ ಕ್ಷೌರದಂಗಡಿಗೆ ಪುಕ್ಕಟೆ ಕೊಟ್ಟೂಬಿಟ್ಟರು. ಹಳೆಯದು ಕಣ್ಣೆದುರು ಇದ್ದರೆ ಹೊಸದಕ್ಕೆ ಕೈ ಓಡುವುದಿಲ್ಲವಂತೆ. ಅಂದಿನಿಂದ ರಾಯರೂ ಮಕ್ಕಳೂ ಮೇಜಿನ ಸುತ್ತ ನಿಂತು ಉಣ್ಣತೊಡಗಿದರು. ತಾಯಿ ಹಾಸಿಗೆಗೇ ತಟ್ಟೆ ತರಿಸಿಕೊಂಡರು. ಹೆಂಡತಿಗೆ ಮಾತ್ರ ಇದರಿಂದ ಹೆಚ್ಚೇನೂ ವ್ಯತ್ಯಾಸವಾಗಲಿಲ್ಲ. ಎಲ್ಲರದೂ ಮುಗಿದ ಮೇಲೆ ಒಲೆಯ ಪಕ್ಕದಲ್ಲಿ ನಿಂತುಕೊಂಡೇ ಉಣ್ಣುವುದು ಆಕೆಗೆ ಮೊದಲಿನಿಂದಲೂ ರೂಢಿ.

“ನಿನ್ನ ಅಳತೆ ಯಾವಾಗ ತಗೊಳ್ಳಲಿ?” ಎಂದು ರಾಯರು ಕೇಳದೇ ಇರಲಿಲ್ಲ.

“ನನಗ್ಯಾಕ್ರೀ ಕುರ್ಚಿ? ನಾನು ಕೂರೋದು ಯಾವಾಗ?”

ರಾಯರಿಗೆ ಈ ಮಾತು ತುಂಬ ನ್ಯಾಯವಾಗಿ ಕಂಡಿತು. ಒಂದು ಕುರ್ಚಿಯ ಮರ ಉಳಿಯಿತು ಎಂದುಕೊಂಡು, ಭಾವನದೂ ಸೇರಿ ಆರು ಇದ್ದದ್ದನ್ನು ಐದು ಮಾಡಿಕೊಂಡರು.

ಕುರ್ಚಿ ಮಾಡುವುದು ಹೇಗೆಂದು ತಿಳಿಯಲು ಅವರು ಹೋದದ್ದು ಸಾಮಿಲ್ಲಿಗೆ. ಸಾಮಿಲ್ ಯಜಮಾನನಿಗೆ ಹಲಗೆ ಮಾರುವ ಆತುರ. “ಕಾಲು, ಬೆನ್ನು ಯಾರು ಬೇಕಾದ್ರೂ ಮಾಡ್ತಾರೆ ಸಾರ್. ಕಷ್ಟ ಇರೋದು ಕೂರೋ ಹಲಗೇಲಿ. ಅಲ್ಲಿ ಸ್ವಲ್ಪ ಹಳ್ಳ ತೆಗೀಬೇಕು. ಎಷ್ಟು ಅಂತ ಮಾತ್ರ ಕೇಳ್ಬೇಡಿ, ಅದು ಕೂರೋರ ಮೇಲೆ,” ಎಂದ. ಎಷ್ಟು ಅಂತ ಕೇಳಬೇಡಿ ಎಂಬ ಮಾತನ್ನು ಅಳತೆಯ ಕಚೇರಿಯವರಿಗೆ ಹೇಳಬಾರದಿತ್ತು.

ರಾಯರು ಮನೆಗೆ ಬಂದು ಮುಂದಿನ ಕೋಣೆಯಲ್ಲಿ ಹಳೆಯ ಟ್ರಂಕಿನ ಮೇಲೆ ಅಗಲವಾದ ಮರದ ಟ್ರೇ ಇಟ್ಟರು. ಅದರ ತುಂಬ ಕುಂಬಾರರ ಮಣ್ಣು ಕಲಸಿ ಹಾಕಿ, ಮೇಲೆ ತೆಳ್ಳಗಿನ ಪ್ಲಾಸ್ಟಿಕ್ ಹಾಳೆ ಹೊದಿಸಿದರು. ಯಾರಿಗೆ ಕುರ್ಚಿಯೋ ಅವರು ಇದರ ಮೇಲೆ ಕೂರಬೇಕು. ಎದ್ದ ಮೇಲೆ ಬಿದ್ದಿರುವ ಅಚ್ಚಿನ ಆಳ ಅಗಲ ಅಳೆದು, ಅದರಂತೆಯೇ ಹಲಗೆಯಲ್ಲಿ ಕೆತ್ತಬೇಕು. ಕೈ ಕೆಸರಾದರೆ ಬಾಯಿ ಮೊಸರು ಎಂದು ಹಿರಿಯರು ಹೇಳಿದ್ದಾರೆ. ಇಲ್ಲಿ ಕೆಸರಾಗುವುದು ಕೈಯಲ್ಲ ಎನ್ನುವುದೊಂದೇ ತೊಡಕು.

ಮೊದಲು ತಾಯಿಯನ್ನು ಕರೆದರು. “ಈ ವಯಸ್ಸಲ್ಲಿ ನನ್ನ ಅಂಡಿನ ಅಚ್ಚು ಹಾಕಿಸ್ಕೋಬೇಕೇನೋ ನಾನು?” ಎಂದು ತಾಯಿ ಅವರ ನಿಜವಾದ ಹೆಸರು ಹಿಡಿದು ಬೈದರು. ಮಕ್ಕಳು ಪರೀಕ್ಷೆಯ ನೆಪ ಹೇಳಿ ಜಾರಿಕೊಂಡರು. ವಿದ್ಯೆಯನ್ನು ಯಾರ ಮೇಲಾದರೂ ಪ್ರಯೋಗಿಸಲೇಬೇಕಾಗಿದ್ದ ರಾಯರ ಕಣ್ಣಿಗೆ ಆಗ ಬಿದ್ದವನು, ಕೆಲಸ ಮುಗಿಸಿ ಸೊಂಟ ಹಿಡಿದುಕೊಂಡು ಬರುತ್ತಿದ್ದ ಪಕ್ಕದ ಮನೆಯ ಬಸ್ ಡ್ರೈವರ್.

ದಿನವಿಡೀ ಕುದಿಯುವ ಎಂಜಿನ್ನಿನ ಪಕ್ಕದಲ್ಲಿ ಕೂತು ಬಂದವನಿಗೆ ತಣ್ಣನೆಯ ಮೆತ್ತನೆಯ ಮಣ್ಣು ಸಿಕ್ಕಿತು. ಅವನು ಕಣ್ಣು ಮುಚ್ಚಿದ.

“ಅಲುಗಾಡಬೇಡಿ,” ಎಂದರು ರಾಯರು.

“ಪ್ರಾಣ ಹೋದ್ರೂ ಅಲ್ಲಾಡಲ್ಲ ಸಾರ್.”

ಎದ್ದವನು ಎರಡು ಸಲ ಬಗ್ಗಿ ನೋಡಿದ. ಆಮೇಲೆ ಮೆಲ್ಲಗೆ, “ಸಾರ್, ನೋವಿಲ್ಲ,” ಎಂದ.

ರಾಯರು ಅಚ್ಚಿನೊಳಗೆ ಅಳತೆಪಟ್ಟಿ ಇಳಿಸುತ್ತಿದ್ದರು. “ಒಳ್ಳೇದಾಯ್ತು. ನಿಮ್ಮದು ಎಡಗಡೆ ಸ್ವಲ್ಪ ಆಳ ಇದೆ.”

“ಅದೇ ಸಾರ್, ನೋವಿರೋ ಕಡೆ,” ಎಂದ ಡ್ರೈವರ್. ನೋಡಿದ್ದೇ ಕಂಡುಹಿಡಿದುಬಿಟ್ಟರಲ್ಲ ಎಂದು ಅವನಿಗೆ ಮೈ ಜುಮ್ಮೆಂದಿತು.

ಬಾಯಿಂದ ಬಾಯಿಗೆ ಹೋಗುವ ಸುದ್ದಿಗೆ ಕಾಲಿರುವುದಿಲ್ಲ ಎನ್ನುತ್ತಾರೆ. ಈ ಸುದ್ದಿಗೆ ಚಕ್ರವೇ ಇತ್ತು. ಡ್ರೈವರ್ ಕಂಡಕ್ಟರಿಗೆ ಹೇಳಿದ, ಕಂಡಕ್ಟರ್ ಬಸ್ಸಿಗೆಲ್ಲ ಹೇಳಿದ. ಆ ವಾರ ಕಳೆಯುವುದರೊಳಗೆ ರಾಯರ ಬೀದಿಯ ಮೂಲೆಯಲ್ಲಿ ಬಸ್ಸು ನಿಲ್ಲತೊಡಗಿತು. ಅಲ್ಲಿ ಹಿಂದೆಂದೂ ನಿಲ್ದಾಣವಿರಲಿಲ್ಲ. “ಸೊಂಟ ಇರೋರೆಲ್ಲ ಇಳೀರಿ,” ಎಂದು ಕಂಡಕ್ಟರ್ ಕೂಗುತ್ತಿದ್ದ.

ಬೆಳಗ್ಗೆ ಬಾಗಿಲು ತೆಗೆದರೆ ಸಾಲು. ರಾಯರಿಗೆ ಹಿಡಿಸಲಾರದಷ್ಟು ಸಂತೋಷವಾಯಿತು. ಒಳ್ಳೆಯ ಕುರ್ಚಿಯ ವಿಷಯದಲ್ಲಿ ಜನಕ್ಕೆ ಇಷ್ಟೊಂದು ಕಾಳಜಿ ಇದೆಯೆಂದು ಅವರಿಗೆ ಗೊತ್ತೇ ಇರಲಿಲ್ಲ. ಅಲ್ಲದೆ ಅಳತೆಗಳು ಹೆಚ್ಚಿದಷ್ಟೂ ಸರಾಸರಿ ಪಕ್ಕಾ ಆಗುತ್ತದೆ. ಒಬ್ಬೊಬ್ಬರನ್ನೇ ಕೂರಿಸಿ, ಅಳೆದು, ಮಣ್ಣು ಸವರಿ ಸಮ ಮಾಡಿ, ಮುಂದಿನವರನ್ನು ಕರೆಯುತ್ತಿದ್ದರು.

“ಎಷ್ಟು ಸಲ ಬರ್ಬೇಕು ಸಾರ್?” ಎಂದು ಒಬ್ಬ ದಿನಸಿ ವ್ಯಾಪಾರಿ ಕೇಳಿದ.

“ಒಂದೇ ಸಲ. ಅಚ್ಚು ಸರಿಯಾಗಿ ಬಿದ್ರೆ ಮುಗೀತು.”

“ಒಂದೇ ಸಲಕ್ಕಾ? ಆಸ್ಪತ್ರೇಲಿ ತಿಂಗಳುಗಟ್ಟಲೆ ಬರಬೇಕು ಅಂದ್ರಲ್ಲ.”

“ಆಸ್ಪತ್ರೆಯವರಿಗೆ ಕೂರೋ ವಿಷಯ ಏನ್ರೀ ಗೊತ್ತು?”

ವ್ಯಾಪಾರಿ ಕೈಮುಗಿದ. “ಪಥ್ಯ ಏನಾದ್ರೂ ಇದೆಯಾ?”

“ಕೂತಾಗ ಕೆಮ್ಮಬಾರದು. ಎದ್ದಮೇಲೆ ನಿಮ್ಮಿಷ್ಟ.”

ಹೋಗುವವರು ಕಿಟಕಿಯಲ್ಲಿ ಹಣ್ಣು, ಬಿಸ್ಕತ್ತು ಇಟ್ಟು ಹೋಗುತ್ತಿದ್ದರು. ಒಳ್ಳೆಯ ಜನ ಎಂದುಕೊಂಡು ರಾಯರು ತಿನ್ನುತ್ತಿದ್ದರು. ಬಂದವರಿಗೆ ನೀರು ಕೊಡುವುದು, ಮಣ್ಣಾದ ನೆಲ ಒರೆಸುವುದು, ಒದ್ದೆ ಹಾಳೆ ತೊಳೆದು ಒಣಹಾಕುವುದು ಹೆಂಡತಿಯ ಪಾಲಿಗೆ ಬಂದಿತ್ತು. ಮನೆಯಲ್ಲಿ ಕೂರಲು ಏನೂ ಇಲ್ಲದ್ದರಿಂದ ಆಕೆ ಒಂದು ಕಾಲಿನ ಭಾರ ಇನ್ನೊಂದಕ್ಕೆ ಬದಲಿಸುತ್ತ ನಿಂತೇ ಇರುತ್ತಿದ್ದರು.

“ರೀ, ಇವರ್ಯಾರೂ ಕುರ್ಚಿ ವಿಷಯಕ್ಕೆ ಬಂದ ಹಾಗೆ ಕಾಣಲ್ಲ,” ಎಂದರು ಒಂದು ದಿನ. “ಎಲ್ಲರೂ ಸೊಂಟ ಹಿಡ್ಕೊಂಡೇ ಬರ್ತಾರೆ.”

“ಕುರ್ಚಿ ಸರಿಯಿಲ್ಲದೆ ಸೊಂಟ ಹೋಗಿದೆ. ಅದಕ್ಕೇ ನನ್ನ ಹತ್ರ ಬರ್ತಿದಾರೆ. ಇಷ್ಟೂ ಅರ್ಥ ಆಗಲ್ವಾ ನಿನಗೆ?”

ಆಕೆ ಒದ್ದೆ ಬಟ್ಟೆ ಕೈಗೆತ್ತಿಕೊಂಡರು. ನೆಲ ಒರೆಸುವುದಿತ್ತು.

ಊರಿನ ಮೂಳೆ ಡಾಕ್ಟರಿಗೆ ಮಾತ್ರ ಚೆನ್ನಾಗಿಯೇ ಅರ್ಥವಾಗಿತ್ತು. ಅವರ ದವಾಖಾನೆಯ ಬೆಂಚು ಖಾಲಿಯಾಗಿ ನೊಣ ಹೊಡೆಯುವಂತಾಗಿತ್ತು. ಅವರು ದೂರು ಕೊಟ್ಟರು. ಮಂಗಳವಾರ ಬೆಳಗ್ಗೆ ಆರೋಗ್ಯ ಇಲಾಖೆಯ ಇನ್‌ಸ್ಪೆಕ್ಟರ್ ಸಾಲಿನ ಪಕ್ಕದಿಂದ ನುಗ್ಗಿ ಒಳಗೆ ಬಂದರು. ಸಾಲಿನಲ್ಲಿದ್ದವರು, “ನಾವೂ ನೋವಿರೋರೇ ಸ್ವಾಮಿ, ಹಿಂದೆ ನಿಲ್ಲಿ,” ಎಂದು ಗದರಿದರು.

“ಮಣ್ಣಿನ ಡಾಕ್ಟರ್ ಅಂದ್ರೆ ನೀವೇನಾ?”

“ಇಲ್ಲಿ ಡಾಕ್ಟರ್ ಯಾರೂ ಇಲ್ಲ,” ಎಂದರು ರಾಯರು. “ನಾನು ಊಟದ ಕುರ್ಚಿ ಮಾಡ್ತಿದೀನಿ.”

“ಇವರೆಲ್ಲ?”

“ಅಳತೆ ಕೊಡೋಕೆ ಬಂದವರು.”

“ಇಷ್ಟು ಜನಕ್ಕೂ ಕುರ್ಚಿ ಮಾಡಿಕೊಡ್ತೀರಾ?”

“ಇಲ್ಲಪ್ಪ. ನಮ್ಮನೆಗೆ ಐದು ಸಾಕು.”

ಇನ್‌ಸ್ಪೆಕ್ಟರ್ ಸಾಲಿನ ಕಡೆ ತಿರುಗಿ ನೋಡಿದರು. “ನಿಮ್ಮನೆ ಕುರ್ಚಿಗೆ ಊರಿನವರ ಅಳತೆ. ಸರಿ. ಮಾಡಿರೋ ಕುರ್ಚಿ ಒಂದು ತೋರಿಸಿ.”

ರಾಯರು ಸುತ್ತ ನೋಡಿದರು. ಹಲಗೆಗಳಿದ್ದವು, ಗರಗಸವಿತ್ತು, ಇನ್ನೂ ಅಂಗಡಿಯ ಚೀಟಿ ಬಿಚ್ಚದ ಉಳಿ ಇತ್ತು.

“ಹೋಗಲಿ, ಹಳೇ ಕುರ್ಚಿ?”

“ಕ್ಷೌರದಂಗಡೀಲಿವೆ.”

ಆಗ ರಾಯರಿಗೆ ನೆರವಾಗಲೆಂದು ಡ್ರೈವರ್ ಮುಂದೆ ಬಂದ. “ಸಾರ್, ದೇವರಂಥ ಮನುಷ್ಯ ಇವರು. ನನ್ನ ಸೊಂಟ ಒಂದೇ ಕೂರಿಕೆಗೆ ವಾಸಿ ಮಾಡಿದ್ರು. ಮುಟ್ಟೂ ನೋಡಲಿಲ್ಲ, ಎಡಗಡೆ ಅಂತ ಹೇಳಿಬಿಟ್ರು.”

ಇಷ್ಟು ದಿನ ತಿಂದ ಹಣ್ಣಿನ ಅರ್ಥ ರಾಯರಿಗೆ ಆಗ ಹೊಳೆಯಿತು.

“ಮುದ್ರೆ ಇಲ್ಲದ ತಕ್ಕಡಿ ಸಿಕ್ರೆ ನೀವು ಬಿಡ್ತೀರಾ?” ಎಂದು ಇನ್‌ಸ್ಪೆಕ್ಟರ್ ಕೇಳಿದರು.

“ಬಿಡಲ್ಲ,” ಎಂದರು ರಾಯರು. ಸುಳ್ಳು ಹೇಳಲು ಅವರಿಗೆ ಬರುತ್ತಿರಲಿಲ್ಲ.

“ಪರವಾನಗಿ ಇಲ್ಲದ ಡಾಕ್ಟರನ್ನ ನಾನೂ ಬಿಡಲ್ಲ. ಭಾನುವಾರ ಬರ್ತೀನಿ. ಆಗ ಈ ಮನೇಲಿ ನೀವು ಮಾಡಿದ ಕುರ್ಚಿ ಇದ್ರೆ ನೀವು ಹೇಳಿದ್ದು ನಿಜ. ಇಲ್ಲದಿದ್ರೆ ನನ್ನ ವರದಿ ನಿಮ್ಮ ಸಾಹೇಬರಿಗೆ ಹೋಗತ್ತೆ. ಕೆಲಸದಲ್ಲಿ ಇಟ್ಕೊಳ್ಳೋದು ಬಿಡೋದು ಅವರಿಗೆ ಬಿಟ್ಟಿದ್ದು.”

ಊರಿನವರ ಗುಲ್ಲು ಭಾವನ ಕಿವಿಗೂ ಬಿತ್ತು. ಗುರುವಾರ ಮಧ್ಯಾಹ್ನ ಅಂಗಡಿ ಮುಚ್ಚಿಕೊಂಡೇ ಬಂದರು, ಅಷ್ಟು ಸಂಭ್ರಮ. “ಭಾನುವಾರ ನಾನೂ ಊಟಕ್ಕೆ ಬರ್ತೀನಿ. ನೋಡೇ ಬಿಡೋಣ,” ಎಂದರು. ರಾಯರಿಗೆ ಒಂದು ಉಪಾಯ ತೋಚಿತು. ಐದರ ಮಾತು ಇನ್ನು ಆಗದು. ಆಗುವುದು ಒಂದೇ. ಆ ಒಂದು ಭಾವನ ಅಳತೆಯದೇ ಆಗಲಿ. ಓಲಾಡುತ್ತದೆ ಎಂದು ಆಡಿಕೊಂಡವರೇ ಇನ್‌ಸ್ಪೆಕ್ಟರ್ ಎದುರು ಅದರಲ್ಲಿ ಕೂತು ಸಾಕ್ಷಿ ಹೇಳಲಿ. ಹಾಗೆಂದು ಭಾವನನ್ನು ಪುಸಲಾಯಿಸಿ ಮಣ್ಣಿನ ಮೇಲೆ ಕೂರಿಸಿದರು. ಬಟ್ಟೆ ಅಂಗಡಿಯ ಗಾದಿಯಲ್ಲಿ ಬೆಳೆದ ದೇಹ. ಟ್ರೇಯ ತುಂಬ ಅಚ್ಚು ಬಿತ್ತು. ರಾಯರು ಅದು ಒಣಗದಿರಲೆಂದು ಮೇಲೆ ಒದ್ದೆ ಬಟ್ಟೆ ಹೊದಿಸಿ, ಭಾವನನ್ನು ಬಸ್ಸಿಗೆ ಹತ್ತಿಸಿ, ಕಾಲಿಗೆ ಬೇಕಾದ ಮರ ತರಲು ಸಾಮಿಲ್ಲಿಗೆ ಹೋದರು.

ಸಂಜೆ ಬಂದು ಬಟ್ಟೆ ತೆಗೆದಾಗ, ಭಾವನ ಗಾತ್ರಕ್ಕೆ ಇಷ್ಟು ಚಿಕ್ಕ ಅಚ್ಚೇ ಎಂದು ಒಂದು ಕ್ಷಣ ಅನಿಸಿತು. ಮಣ್ಣು ಒಣಗಿದರೆ ಕುಗ್ಗುತ್ತದೆ, ಅದಕ್ಕೇ ಇರಬೇಕು. ಅಚ್ಚಿನ ಅಂಚಿನಲ್ಲಿ ಒಂದು ಹಸಿ ಬಟಾಣಿಯೂ ಇತ್ತು. ಸಿಕ್ಕಿದ್ದನ್ನು ಜೇಬಿಗೆ ಹಾಕಿಕೊಂಡು ಬಾಯಾಡಿಸುವುದು ಭಾವನ ಹಳೆಯ ಚಾಳಿ. ರಾಯರು ಬಟಾಣಿಯನ್ನು ಒರೆಸಿ ಬಾಯಿಗೆ ಹಾಕಿಕೊಂಡು ಅಳತೆ ತೆಗೆದರು.

ಆಮೇಲೆ ಕಚೇರಿಗೆ ರಜೆ ಹಾಕಿ ಕೂತು ಕೆತ್ತಿದರು. ಕೂತು ಎಂದರೆ ನೆಲದ ಮೇಲೆ. ಅವರು ಉಳಿ ಹೊಡೆಯುವಾಗ ಹಲಗೆ ಜಾರದಂತೆ ಹೆಂಡತಿ ಹಿಡಿದುಕೊಂಡರು, ಬಿದ್ದ ಹೊಟ್ಟನ್ನೂ ಅವರೇ ಗುಡಿಸಿದರು. ಬೆನ್ನಿನ ಹಲಗೆ ಸ್ವಲ್ಪ ಎಡಕ್ಕೆ ವಾಲಿತು. ಕಾಲುಗಳನ್ನು ಸಮ ಮಾಡಲು ಒಮ್ಮೆ ಇದನ್ನೂ ಒಮ್ಮೆ ಅದನ್ನೂ ಕೊಯ್ದು ಕೊಯ್ದು, ಕುರ್ಚಿ ಅಂದುಕೊಂಡದ್ದಕ್ಕಿಂತ ಗಿಡ್ಡವಾಯಿತು. ಆದರೆ ಕೂರುವ ಹಲಗೆಯ ಹಳ್ಳವಿದೆಯಲ್ಲ, ಅದರ ಬಗ್ಗೆ ಯಾರೂ ಬೆರಳೆತ್ತುವಂತಿರಲಿಲ್ಲ. ಜೀವಮಾನವೆಲ್ಲ ಊರಿನ ತಕ್ಕಡಿಗಳಲ್ಲಿ ಕೂದಲೆಳೆಯ ತಪ್ಪು ಹುಡುಕಿದ ಮನುಷ್ಯ ಅಚ್ಚಿನಲ್ಲಿ ಇದ್ದದ್ದನ್ನು ಇದ್ದ ಹಾಗೇ ಮರಕ್ಕೆ ಇಳಿಸಿದ್ದರು.

ಭಾನುವಾರ ಮೇಜಿನ ತಲೆಭಾಗದಲ್ಲಿ ಕುರ್ಚಿ ನಿಂತಿತ್ತು. ಓಲಾಡಲಿಲ್ಲ. ಇನ್‌ಸ್ಪೆಕ್ಟರ್ ಅದರ ಸುತ್ತ ಒಂದು ಸುತ್ತು ಬಂದರು. ಡ್ರೈವರ್ ಬಾಗಿಲಲ್ಲಿ ನಿಂತಿದ್ದ, ಅವನ ಹಿಂದೆ ಸಾಲಿನವರೆಲ್ಲ ಕತ್ತು ಚಾಚಿದ್ದರು. ತಾಯಿ ಹಾಸಿಗೆ ಬಿಟ್ಟು ಎದ್ದು ಬಂದಿದ್ದರು.

“ಭಾವ, ಕೂತ್ಕೊಳ್ಳಿ,” ಎಂದರು ರಾಯರು.

ಭಾವ ಕೂತರು. ಅಂದರೆ ಕೂರಲು ಹೋದರು. ಅರ್ಧ ದೇಹ ಹಳ್ಳದ ಆಚೆ ದಂಡೆಯಲ್ಲೂ ಇನ್ನರ್ಧ ಈಚೆ ದಂಡೆಯಲ್ಲೂ ನಿಂತಿತು, ನಡುವೆ ಗಾಳಿ. “ಇದು ನನ್ನ ಅಳತೆನಾ?” ಎಂದು ಎದ್ದುಬಿಟ್ಟರು. “ಮೀಟರ್ ಕೋಲು ಗಿಡ್ಡ ಅಂತ ನನಗೆ ಹೇಳಿದ್ದು ನೀವೇ ಅಲ್ವಾ?”

ಇನ್‌ಸ್ಪೆಕ್ಟರ್ ತಾವೇ ಕೂತು ನೋಡಿದರು. ಅವರು ಸಣಕಲು, ಉದ್ದ. ಮಂಡಿಗಳು ಎದೆಯ ಹತ್ತಿರ ಬಂದವು. ತಾಯಿ ಕೂತು, “ಅಯ್ಯಪ್ಪ, ಚುಚ್ಚತ್ತೆ ಕಣೋ,” ಎಂದು ಎದ್ದರು. ಹೇಗಾದರೂ ರಾಯರ ಮಾನ ಉಳಿಸಬೇಕೆಂದು ಡ್ರೈವರ್ ಓಡಿ ಬಂದು ಕೂತ. ಅವನ ಮುಖ ಹುಳ್ಳಗಾಯಿತು. “ಸಾರ್, ನೋವು ವಾಪಸ್ ಬಂತು,” ಎಂದ. ಅದು ಕೇಳಿದ್ದೇ ತಡ, ಬಾಗಿಲಾಚೆಯ ಸಾಲು ಹಿಂದಿನಿಂದ ಕರಗತೊಡಗಿತು.

“ಇಲ್ಲಿ ಯಾವ ಚಿಕಿತ್ಸೆಯೂ ನಡೆಯಲ್ಲ ಅಂತ ಈಗ ನಾನು ಧಾರಾಳವಾಗಿ ಬರೀಬಹುದು,” ಎಂದರು ಇನ್‌ಸ್ಪೆಕ್ಟರ್. “ಆದ್ರೆ ಇದು ಕುರ್ಚಿ ಅಂತ ಹೇಗೆ ಬರೀಲಿ? ಕುರ್ಚಿ ಅಂದಮೇಲೆ ಯಾರಾದ್ರೂ ಒಬ್ಬರು ಕೂರೋ ಹಾಗಿರಬೇಕಲ್ರೀ.”

ರಾಯರು ತಲೆ ತಗ್ಗಿಸಿದರು. ಅಷ್ಟರಲ್ಲಿ ಹೆಂಡತಿ ಒಳಗಿನಿಂದ ಬಿಸಿ ಪಾತ್ರೆ ಹಿಡಿದು ಬಂದರು. ಎಲ್ಲರೂ ಕುರ್ಚಿಯ ಸುತ್ತ ಸಾವಿನ ಮನೆಯವರಂತೆ ನಿಂತಿದ್ದರು. ಆಕೆ ಪಾತ್ರೆಯನ್ನು ಮೇಜಿನ ಮೇಲಿಟ್ಟು, ಸೆರಗಿನಲ್ಲಿ ಕೈ ಒರೆಸಿಕೊಂಡು, “ಸ್ವಲ್ಪ ಸರೀರಿ,” ಎಂದು ಹೋಗಿ ಕೂತರು.

ಕುರ್ಚಿ ಸದ್ದು ಮಾಡಲಿಲ್ಲ. ಆಕೆಯ ಪಾದಗಳು ನೆಲದ ಮೇಲೆ ಸರಿಯಾಗಿ ಊರಿದವು. ಎಡಕ್ಕೆ ವಾಲಿದ್ದ ಬೆನ್ನಿನ ಹಲಗೆಗೆ ಆಕೆಯ ಬೆನ್ನೂ ಸ್ವಲ್ಪ ಎಡಕ್ಕೆ ವಾಲಿ ಒರಗಿತು. ಆಕೆ ಉಸಿರು ಬಿಟ್ಟರು. ಏಳುತ್ತಾರೆಂದು ಎಲ್ಲರೂ ಕಾದರು. ಏಳಲಿಲ್ಲ.

“ಹೇಗಿದೆ?” ಎಂದು ರಾಯರು ಕೇಳಿದರು.

“ಬಡಿಸ್ಕೊಳ್ಳಿ,” ಎಂದರು ಹೆಂಡತಿ.

“ಆದ್ರೆ ಇದು ಭಾವನ ಅಚ್ಚು.”

“ಅಣ್ಣಂದಲ್ಲ, ನಂದು. ಗುರುವಾರ ಬಟಾಣಿ ಬಿಡಿಸೋದಿತ್ತು, ಕಾಲು ಸೋತಿತ್ತು. ಮನೇಲಿ ಕೂರೋಕೆ ಬೇರೆ ಏನಿತ್ತು ಹೇಳಿ? ಅಣ್ಣನ ಗುಂಡಿ ದೊಡ್ಡದು ಅಂತ ಮಣ್ಣು ಸವರಿ ಸಮ ಮಾಡ್ಕೊಂಡು ಕೂತೆ. ಬುಟ್ಟಿ ಖಾಲಿ ಆಗೋವರೆಗೂ ಕೂತಿದ್ದು, ಆಮೇಲೆ ಮೊದಲಿನ ಹಾಗೇ ಒದ್ದೆ ಬಟ್ಟೆ ಹೊದಿಸಿಟ್ಟೆ.”

ಭಾವನ ಮುಖದ ನಗು ಎಲ್ಲೋ ಹೋಯಿತು. “ಅಲ್ಲಮ್ಮ, ನೀನು ಈ ಮನೇಲಿ ಕೂತು ಉಂಡಿದ್ದು ನಾನು ನೋಡೇ ಇಲ್ವಲ್ಲ.”

“ನೀನು ಬಂದಾಗ ನೀನು ಕೂತಿರ್ತೀಯಲ್ಲ ಅಣ್ಣ.”

ರಾಯರಿಗೆ ನಾಚಿಕೆಯಾಯಿತು. ದೀಪದ ಬುಡದಲ್ಲೇ ಕತ್ತಲೆ ಎಂಬುದನ್ನು ಅವರು ಬೇರೆಯವರಿಗೆ ಎಷ್ಟೋ ಸಲ ಹೇಳಿದ್ದರು. ದಾರಿಯಲ್ಲಿ ಹೋಗುವವರನ್ನೆಲ್ಲ ಕರೆದು ಕೂರಿಸಿ ಅಳೆದವರು, ನಾನು ಕೂರೋದು ಯಾವಾಗ ಎಂದವಳ ಮಾತಿಗೆ ಹೌದಲ್ಲ ಎಂದು ಒಂದು ಕುರ್ಚಿಯ ಮರ ಉಳಿಸಿದ್ದರು. ಅವರು ಒಂದು ತಟ್ಟೆ ತೆಗೆದುಕೊಂಡು, ಪಾತ್ರೆಯಲ್ಲಿದ್ದ ಬಟಾಣಿ ಪಲ್ಯವನ್ನು ಧಾರಾಳವಾಗಿಯೇ ಹಾಕಿ, ಹೆಂಡತಿಯ ಮುಂದೆ ಇಟ್ಟರು. ಬಡಿಸಿ ಅಭ್ಯಾಸವಿಲ್ಲದ್ದರಿಂದ ಸ್ವಲ್ಪ ಮೇಜಿನ ಮೇಲೂ ಬಿತ್ತು.

“ಇದು ಕುರ್ಚಿ,” ಎಂದು ಇನ್‌ಸ್ಪೆಕ್ಟರ್ ತೀರ್ಪು ಕೊಟ್ಟರು. ಆಮೇಲೆ ಅವರೂ ಒಂದು ತಟ್ಟೆ ಹಿಡಿದು ಉಳಿದವರ ಜೊತೆ ಮೇಜಿನ ಸುತ್ತ ನಿಂತು ಉಂಡರು.

ಕಚೇರಿಯ ಕೆಲಸ ಉಳಿಯಿತು. ಬಸ್ಸು ಈಗ ಬೀದಿಯ ಮೂಲೆಯಲ್ಲಿ ನಿಲ್ಲುವುದಿಲ್ಲ. ಉಳಿದ ನಾಲ್ಕು ಕುರ್ಚಿಗಳ ಮರ ಮುಂದಿನ ಕೋಣೆಯಲ್ಲಿ ಹಾಗೇ ಒರಗಿದೆ, ರಾಯರು ಆಗಾಗ ಅದನ್ನು ಅಳೆಯುತ್ತಾರೆ. ಇರುವ ಒಂದರಲ್ಲಿ ಬೇರೆ ಯಾರಿಗೂ ಕೂರಲಾಗುವುದಿಲ್ಲವಾದ್ದರಿಂದ ಯಾರೂ ಅದರ ತಂಟೆಗೆ ಹೋಗುವುದಿಲ್ಲ. ಹಾಗಾಗಿ ಊಟದ ಹೊತ್ತಿಗೆ ಹೆಂಡತಿ ಎಲ್ಲರಿಗಿಂತ ಮೊದಲು ಬಂದು ಕೂರುತ್ತಾರೆ, ಮಿಕ್ಕವರು ತಟ್ಟೆ ಹಿಡಿದು ಸುತ್ತ ನಿಲ್ಲುತ್ತಾರೆ. ನಮ್ಮ ಕುರ್ಚಿಗಳು ಯಾವಾಗ ಎಂದು ಮಕ್ಕಳು ಗೊಣಗಿದರೆ ರಾಯರು ಅಪರಾಧಿಯಂತೆ ಹೆಂಡತಿಯ ಮುಖ ನೋಡುತ್ತಾರೆ.

“ನಿಧಾನವಾಗಿ ಮಾಡ್ರೀ,” ಎನ್ನುತ್ತಾರೆ ಆಕೆ, ತಟ್ಟೆಯಿಂದ ತಲೆಯೆತ್ತದೆ. “ಅವಸರ ಏನಿದೆ?”